ಹಿಂದೆ ತೊಟ್ಟಿಯೋ, ಹಿಂದೆ ಅತ್ತೆಯೋ?

ಕೊಯಮತ್ತೂರಿನಲ್ಲಿ ನಮ್ಮ ದೇವಾಂಗರ ಮನೆಯವರು ಅಂಗಡಿಯಲ್ಲಿ ತಮಿಳು ಆಡಿದರೂ ಜಗಳಕ್ಕೆ ಕನ್ನಡವೇ ಬೇಕು. ಈಗಿನ ಜಗಳ: ಹಂಪಿ, ಬಾದಾಮಿ ಅಂತ ಊರೂರು ಸುತ್ತಲು ಪಿಕಪ್ಪೋ, ಎಸ್‌ಯುವಿಯೋ?

ಪಿಕಪ್ ಹೈಲಕ್ಸ್, ಎಸ್‌ಯುವಿ ಫಾರ್ಚೂನರ್ ಎರಡೂ ಟೊಯೋಟಾದವೇ, ಎರಡಕ್ಕೂ ಅದೇ 2.8 ಲೀಟರ್ ಡೀಸೆಲ್ ಎಂಜಿನ್. ವ್ಯತ್ಯಾಸ ಇರುವುದು ಹಿಂಭಾಗದಲ್ಲಿ. ಪಿಕಪ್ಪಿಗೆ ಲಾರಿಯ ಹಾಗೆ ಪಟ್ಟಿ ಸ್ಪ್ರಿಂಗು. ಖಾಲಿ ಇದ್ದರೆ ಕುಣಿಯುತ್ತದೆ, ಭಾರ ಹೇರಿದರೆ ಸಭ್ಯವಾಗುತ್ತದೆ.

“ಪೊಳ್ಳಾಚಿಯಲ್ಲಿ ನಾಲ್ಕು ಮೂಟೆ ತೆಂಗಿನಕಾಯಿ ಹಾಕಿಕೊಂಡರಾಯ್ತು ಬಿಡಿ ಅತ್ತಿಗೆ” ಎಂದ ತಮ್ಮ.

“ಏನಪ್ಪಾ, ತೆಂಗಿನಕಾಯಿಗೆ ಹಂಪಿ ತೋರಿಸೋಕೆ ಹೊರಟಿದ್ದೀಯಾ?”

ಅಷ್ಟಕ್ಕೂ ಹಂಪಿಗೆ ಮೊದಲು ದಿಂಬಂ ಘಾಟಿ ಇದೆಯಲ್ಲ! 27 ಹೇರ್‌ಪಿನ್ ತಿರುವು; ಹೈಲಕ್ಸಿನ ಉದ್ದವೋ 5.3 ಮೀಟರ್. ಅದನ್ನೂ ಹತ್ತಿಸಬಹುದು ಅನ್ನಿ. ಮೇಲೆ ಹಾಸನೂರಿನ ಕಡೆ ಆನೆಗಳಿವೆ, ಕಬ್ಬಿನ ಲಾರಿ ನಿಲ್ಲಿಸಿ ಸುಂಕ ವಸೂಲಿ ಮಾಡುವಂಥವು. ತೆರೆದ ತೊಟ್ಟಿಯಲ್ಲಿ ಬಾಳೆಗೊನೆ ಇಟ್ಟುಕೊಂಡು ಹೋದರೆ ರಸೀದಿ ಕೊಡುತ್ತವೆಯೇ? ಮಳೆ ಬಂದರೆ ಹಾಸಿಗೆಯೂ ನೆನೆಯುತ್ತದೆ. ಮುಚ್ಚಳ ಹಾಕಿಸಿದರೆ ಅದಕ್ಕೆ ಬೇರೆ ದುಡ್ಡು.

ಒಬ್ಬನೇ ಅಲೆಯುವ ಬ್ರಹ್ಮಚಾರಿಗೆ ಪಿಕಪ್ಪೇ ಸರಿ. ಅತ್ತೆ, ಇಡ್ಲಿ ಪಾತ್ರೆ, ಮಕ್ಕಳು ಜೊತೆಗಿದ್ದರೆ ಎಸ್‌ಯುವಿ ತೆಗೆದುಕೊಳ್ಳಿ. ಅತ್ತೆಯವರನ್ನು ತೊಟ್ಟಿಯಲ್ಲಿ ಕೂರಿಸಲು ಕಾನೂನು ಬಿಡುವುದಿಲ್ಲ.