ಅಲ್ಲಾಡಬೇಡಿ, ಇನ್ನೊಂದೇ ಒಂದು!

ಜಾತಕ ನೋಡಬಲ್ಲ ಒಬ್ಬ ಮಾವ, ಪಂಚಾಯ್ತಿಕೆ ಮಾಡುವ ಒಬ್ಬ ಸೋದರತ್ತೆ ಇಲ್ಲದ ಮನೆತನ ಹೇಗೆ ಅಪರೂಪವೋ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಹವ್ಯಾಸಿ ಛಾಯಾಗ್ರಾಹಕ ಇಲ್ಲದ ಮನೆತನವೂ ಈಗ ಅಷ್ಟೇ ಅಪರೂಪ. ಹೊಟ್ಟೆಪಾಡಿಗೆ ಆತ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇರುತ್ತಾನೆ. ಅದನ್ನು ಕೇಳಿದರೆ ಎರಡು ಮಾತಿನಲ್ಲಿ ಮುಗಿಸುತ್ತಾನೆ. ಕ್ಯಾಮೆರಾದ ಬಗ್ಗೆ ಕೇಳಿದರೆ ಮಾತ್ರ ನಿಮ್ಮ ಕಾಫಿ ತಣ್ಣಗಾಗುವುದು ಖಾತ್ರಿ. ತಾನು ಬೆಳಕಿನ ಉಪಾಸಕ, ಕುಟುಂಬದ ನೆನಪುಗಳಿಗೆ ಕಾವಲುಗಾರ ಎಂದು ಆತ ಮನಸಾರೆ ನಂಬಿದ್ದಾನೆ. ಸುತ್ತಲಿನವರೂ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ನನಗೆ ಈ ವಿಷಯದಲ್ಲಿ ತಕರಾರಿದೆ. ಈತನ ನಡೆನುಡಿಯನ್ನು ಹಬ್ಬ, ಮದುವೆ, ಪ್ರವಾಸಗಳಲ್ಲಿ ನಿಷ್ಪಕ್ಷಪಾತವಾಗಿ ಗಮನಿಸಿದ ಯಾರಿಗೇ ಆಗಲಿ, ಈತನ ಅಸಲಿ ಕಸುಬು ಬೆಳಕು ಹಿಡಿಯುವುದಲ್ಲ, ಮಂದಿಯನ್ನು ಕಾಯಿಸುವುದು ಎಂಬುದು ಹೊಳೆಯದೆ ಇರದು. ಫೋಟೊ ಆ ಕಸುಬಿನಲ್ಲಿ ಸಿಗಬಹುದಾದ ಮೇಲಾದಾಯ ಅಷ್ಟೆ, ಅದೂ ಸಿಕ್ಕರೆ.

ಕಾಯಿಸುವುದು ಛಾಯಾಗ್ರಹಣದ ಹುಟ್ಟುಗುಣ, ಪಾಪ ಈತನೇನು ಮಾಡಿಯಾನು ಎಂದು ಯಾರಾದರೂ ಹೇಳಬಹುದು. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ತಗಡಿನ ಮೇಲೆ ಮೂಡಿಸಲು ಕ್ಯಾಮೆರಾವನ್ನು ಗಂಟೆಗಟ್ಟಲೆ ತೆರೆದಿಟ್ಟ. 1839ರಲ್ಲಿ ದಾಗೆರ್‌ನ ವಿಧಾನ ಬಂದಾಗ ಕೆಲಸ ನಿಮಿಷಗಳಿಗೆ ಇಳಿಯಿತು. ಆ ಕಾಲದ ಸ್ಟುಡಿಯೋಗಳಲ್ಲಿ ಗಿರಾಕಿಯ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಟ್ಟು ಕೂರಿಸುತ್ತಿದ್ದರು. ಹಳೆಯ ಫೋಟೊಗಳಲ್ಲಿ ಎಲ್ಲರೂ ಮುಖ ಗಂಟಿಕ್ಕಿಕೊಂಡಿರುವುದಕ್ಕೆ ಅದೂ ಒಂದು ಕಾರಣವಿದ್ದೀತು. ಈಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಚಿತ್ರ ಮೂಡುತ್ತದೆ. ಲೆಕ್ಕದ ಪ್ರಕಾರ ನಾವು ನಿಲ್ಲಬೇಕಾದ ಹೊತ್ತೂ ಅದೇ ಪ್ರಮಾಣದಲ್ಲಿ ಕುಗ್ಗಿರಬೇಕಿತ್ತು. ಆದರೆ ಗೃಹಪ್ರವೇಶದ ಗ್ರೂಪ್ ಫೋಟೊಕ್ಕೆ ನಿಂತವರನ್ನು ಕೇಳಿ ನೋಡಿ, ಅವರು ದಾಗೆರ್‌ನ ಕಾಲದಲ್ಲೇ ಇದ್ದಾರೆ. ಕಬ್ಬಿಣದ ಹಿಡಿ ಹೋಗಿದೆ, ಅದರ ಜಾಗಕ್ಕೆ ‘ಅಲ್ಲಾಡಬೇಡಿ, ಇನ್ನೊಂದೇ ಒಂದು’ ಬಂದಿದೆ. ಅಗ್ಫಾ ಕ್ಲಿಕ್-3 ಡಬ್ಬಿ ಕ್ಯಾಮೆರಾದ ದಿನಗಳಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ‘ಇನ್ನೊಂದು’ ಎಂದರೆ ದುಡ್ಡು. ಆಮೇಲೆ 36 ಚಿತ್ರಗಳ ರೋಲು ಬಂದಾಗಲೂ ಕೈ ಬಿಗಿಯಿತ್ತು. ಮೆಮೊರಿ ಕಾರ್ಡು ಬಂದದ್ದೇ ತಡ, ‘ಇನ್ನೊಂದು’ ಎಂಬುದಕ್ಕೆ ಕೊನೆಯೇ ಇಲ್ಲವಾಯಿತು. ಹಾಗಾಗಿ ಕಾಯುವಿಕೆ ಬೇಕಾಗಿರುವುದು ಯಂತ್ರಕ್ಕಲ್ಲ, ಯಂತ್ರದ ಹಿಂದಿರುವವನಿಗೆ.

ಮನೆಯಿಂದಲೇ ಶುರು ಮಾಡೋಣ. ಯುಗಾದಿಯ ದಿನ ಪಂಕ್ತಿ ಕೂತಾಗಿದೆ, ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ ಬಂದಿವೆ, ಒಬ್ಬಟ್ಟು ಬಿದ್ದಿದೆ. ಇನ್ನೇನು ಕೈಯಿಕ್ಕಬೇಕು, ನಮ್ಮ ಹವ್ಯಾಸಿ ಕುರ್ಚಿ ಹತ್ತುತ್ತಾನೆ. ಎಲೆಯನ್ನು ನೆತ್ತಿಯ ಮೇಲಿಂದಲೇ ತೆಗೆಯಬೇಕಂತೆ. ಒಬ್ಬಟ್ಟಿನ ಮೇಲೆ ತುಪ್ಪ ಹರಿಯುವ ಧಾರೆ ಫೋಕಸ್ಸಿಗೆ ಸಿಕ್ಕಲಿಲ್ಲವಾಗಿ ಮತ್ತೊಮ್ಮೆ ತುಪ್ಪ, ಇನ್ನೊಮ್ಮೆ ತುಪ್ಪ. ಸಕ್ಕರೆ ಕಾಯಿಲೆಯ ಅಜ್ಜನ ಎಲೆ ಬೆಳಕಿಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಮೂರನೆಯ ಒಬ್ಬಟ್ಟು ಬೀಳುತ್ತದೆ. ಅಜ್ಜನೊಬ್ಬನೇ ಆ ದಿನ ಛಾಯಾಗ್ರಹಣದ ಪರವಾಗಿ ಮಾತಾಡುವವನು. ಇನ್ನು ಹೆಂಡತಿಯ ಪಾಡು. ಆಕೆಗೆ ಈ ಕಲೆಯಲ್ಲಿ ಎರಡು ಪಾತ್ರಗಳಿವೆ. ‘ಅಲ್ಲಿ ಒಂಚೂರು ನಿಂತ್ಕೊಳ್ಳೇ, ಬೆಳಕು ನೋಡ್ತೀನಿ’ ಎಂದಾಗ ಆಕೆ ಬೆಳಕಿನ ಮೀಟರು. ‘ಗೋಪುರದ ಪಕ್ಕ ನಿಲ್ಲು, ಎತ್ತರ ಗೊತ್ತಾಗ್ಲಿ’ ಎಂದಾಗ ಅಳತೆಗೋಲು. ಹೀಗಾಗಿ ಆಕೆಯ ಫೋಟೊಗಳಲ್ಲಿ ಅರ್ಧದಷ್ಟರಲ್ಲಿ ಮುಖ ಸರಿಯಾಗಿ ಬಂದಿಲ್ಲ, ಉಳಿದರ್ಧದಲ್ಲಿ ಮುಖ ಎಲ್ಲಿದೆಯೆಂದು ಹುಡುಕಬೇಕು. ಅಡುಗೆಮನೆಯ ಮೇಲೂ ದಾಳಿಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ನಿಜವೇ. ಒಮ್ಮೆ ಜೇಡರ ಬಲೆಯಂತೆ ಹಬ್ಬಿತೆಂದರೆ ಒರೆಸಿ ತೆಗೆಯುವಂಥದ್ದಲ್ಲ. ಅದಕ್ಕೆ ಗಾಳಿಯಾಡದ ಡಬ್ಬ ಬೇಕು, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಬೇಕು. ಮನೆಯಲ್ಲಿ ಗಾಳಿಯಾಡದ ಡಬ್ಬ ಇರುವುದು ಸಂಡಿಗೆ ಹಪ್ಪಳಕ್ಕೆ. ಆಷಾಢದಲ್ಲಿ ಲೆನ್ಸು ಗರಿಗರಿಯಾಗಿಯೂ ಹಪ್ಪಳ ಮೆತ್ತಗೂ ಇರುವ ಮನೆ ಯಾವುದೆಂದು ಹೇಳಲು ಜೋಯಿಸರು ಬೇಕಿಲ್ಲ.

ಮದುವೆಮನೆಯಲ್ಲಿ ನನ್ನ ವಾದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಇದೆ. ಅಲ್ಲಿ ದುಡ್ಡು ಕೊಟ್ಟು ಕರೆಸಿದ ಫೋಟೊದವರಿರುತ್ತಾರೆ. ಗಟ್ಟಿಮೇಳಕ್ಕೆ ಎಲ್ಲಿ ನಿಲ್ಲಬೇಕು, ಅಕ್ಷತೆ ಬೀಳುವಾಗ ಯಾವ ಕಡೆ ವಾಲಬೇಕು ಎಂಬುದು ಅವರಿಗೆ ಕರಗತ. ಅವರಿಗೂ ತಾಳಿಗೂ ನಡುವೆ ಹೋಗಿ ನಿಲ್ಲುವುದು ನಮ್ಮ ಹವ್ಯಾಸಿಯ ಜನ್ಮಸಿದ್ಧ ಹಕ್ಕು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಚಡಪಡಿಸುವಾಗ ಈತ ಮದುಮಗನಿಗೆ ‘ಕೈ ಸ್ವಲ್ಪ ಮೇಲೆ ಹಿಡೀರಿ’ ಎನ್ನುತ್ತಾನೆ. ದುಡ್ಡು ಪಡೆದವರು ಮೂರು ವಾರದಲ್ಲೋ ಮೂರು ತಿಂಗಳಲ್ಲೋ ಆಲ್ಬಮ್ ತಂದುಕೊಡುತ್ತಾರೆ, ಬಾಕಿ ವಸೂಲಾಗಬೇಕಲ್ಲ! ಹವ್ಯಾಸಿಯದು ನಿಷ್ಕಾಮ ಕರ್ಮ, ಫಲ ಯಾರಿಗೂ ಸಿಗುವುದಿಲ್ಲ. ‘ಎಡಿಟ್ ಮಾಡಿ ಕಳಿಸ್ತೀನಿ’ ಎಂಬುದು ಆತನ ಮಾತು. ಕಚ್ಚಾ ಫೈಲು ಹಾಗೆಯೇ ಕೊಡುವುದು ಈ ಜನಕ್ಕೆ ಅವಮಾನ. ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿ ನೆರಳು ಎತ್ತಿ, ಬಣ್ಣ ಇಳಿಸಿ, ಬಾಳೆಕಂಬದ ಹಿಂದಿನ ಪ್ಲಾಸ್ಟಿಕ್ ಬಕೆಟ್ ಅಳಿಸಿ ತಿದ್ದಬೇಕು. ಅಷ್ಟರಲ್ಲಿ ದಂಪತಿಗಳ ಕೂಸಿನ ನಾಮಕರಣ ಬರುತ್ತದೆ. ಅಲ್ಲಿಗೂ ಈತ ಕ್ಯಾಮೆರಾ ಹಿಡಿದೇ ಬರುತ್ತಾನೆ, ಮದುವೆ ಫೋಟೊ ಕೇಳಿದವರಿಗೆ ‘ಎರಡೂ ಸೇರಿಸಿ ಕೊಟ್ಬಿಡ್ತೀನಿ’ ಎನ್ನುತ್ತಾನೆ. ನೆನಪಿನ ಕಾವಲುಗಾರ ಎಂಬ ಬಿರುದು ಒಂದರ್ಥದಲ್ಲಿ ಸರಿಯೇ. ಕಾವಲು ಎಷ್ಟು ಬಿಗಿಯೆಂದರೆ ನೆನಪಿನ ವಾರಸುದಾರರನ್ನೂ ಒಳಗೆ ಬಿಡುವುದಿಲ್ಲ.

ಪ್ರವಾಸದ ವಿಷಯಕ್ಕೆ ಬಂದರೆ, ಈತನ ಜತೆ ಹೊರಟವರು ಊರುಗಳನ್ನು ನೋಡುವುದಿಲ್ಲ, ಊರುಗಳ ಹೊತ್ತುಗಳನ್ನು ನೋಡುತ್ತಾರೆ. ಹಂಪಿ ಎಂದರೆ ನಸುಕಿನಲ್ಲಿ ಎದ್ದು, ಮಕ್ಕಳನ್ನು ಎಬ್ಬಿಸಿ, ಮಾತಂಗ ಬೆಟ್ಟ ಹತ್ತಿ ಸೂರ್ಯನಿಗೆ ಕಾಯುವುದು. ಬಳಿಕ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಜನ ಸರಿಯಲಿ ಎಂದು ಕಾಯುವುದು. ಜನವಿಲ್ಲದ ಕಲ್ಲಿನ ರಥದ ಚಿತ್ರ ರಿಸರ್ವ್ ಬ್ಯಾಂಕಿನವರ ಕೃಪೆಯಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಎಲ್ಲರ ಕಿಸೆಯಲ್ಲೂ ಇದೆ ಎಂದು ಭಾವಮೈದುನ ಹೇಳಿದರೆ, ಆ ಚಿತ್ರದಲ್ಲಿ ಬೆಳಕು ಚಪ್ಪಟೆ ಎಂಬ ಉತ್ತರ ಬರುತ್ತದೆ. ಜೋಗದಲ್ಲಿ ಸಮಸ್ಯೆ ಇನ್ನೂ ತಾತ್ವಿಕವಾದದ್ದು. 253 ಮೀಟರ್ ಧುಮುಕುವ ಶರಾವತಿ ಮೈದುಂಬಿ ಇರುವುದು ಮಳೆಗಾಲದಲ್ಲಿ. ಆಗ ಮಂಜು ಕವಿದು ರಾಜನೂ ಇಲ್ಲ ರಾಣಿಯೂ ಇಲ್ಲ, ಬರಿಯ ಸದ್ದು. ಬೇಸಿಗೆಯಲ್ಲಿ ಬಂಡೆ ಸ್ಪಷ್ಟ, ನೀರಿಲ್ಲ. ಮಂಜು ಒಂದು ಗಳಿಗೆ ಸರಿಯಿತೆನ್ನಿ, ಆಗಲೂ ನೀರನ್ನು ನೀರಿನಂತೆ ತೆಗೆಯಲು ಈತನಿಗೆ ಮನಸ್ಸಿಲ್ಲ. ಲೆನ್ಸಿಗೆ ಕಪ್ಪು ಫಿಲ್ಟರು ಹಾಕಿ, ಟ್ರೈಪಾಡ್ ಮೇಲೆ ಶಟರನ್ನು ಒಂದೆರಡು ಸೆಕೆಂಡ್ ತೆರೆದಿಟ್ಟು ಅದನ್ನು ರೇಷ್ಮೆಯ ಎಳೆ ಮಾಡಬೇಕು. ಫಿಲ್ಟರು ತಿರುಗಿಸಿ ಮುಗಿಯುವಷ್ಟರಲ್ಲಿ ಮಂಜು ವಾಪಸು. ಮೈಸೂರು ಅರಮನೆಯ ದೀಪಾಲಂಕಾರವನ್ನು ಊರಿಗೆ ಊರೇ ದಸರೆಯಲ್ಲಿ ನೋಡಿದರೆ ಈತನ ಕುಟುಂಬ ಮಾತ್ರ ಮೇ ತಿಂಗಳ ಧಗೆಯಲ್ಲಿ ನೋಡುತ್ತದೆ. ದೀಪ ಹತ್ತುವುದು ಏಳು ಗಂಟೆಗೆ. ದಸರೆಯ ಹೊತ್ತಿಗೆ ಸೂರ್ಯ ಬೇಗ ಮುಳುಗಿ ಆಕಾಶ ಅಷ್ಟರಲ್ಲಿ ಕಪ್ಪಾಗಿರುತ್ತದೆ, ಬೇಸಿಗೆಯಲ್ಲಾದರೆ ಇನ್ನೂ ನೀಲಿ ಉಳಿದಿರುತ್ತದೆ. ಇದು ಸತ್ಯ, ಲೆಕ್ಕಾಚಾರವೂ ಸರಿ. ಆದರೆ ಆ ನೀಲಿ ಮಕ್ಕಳ ಐಸ್‌ಕ್ರೀಮು ಕರಗುವುದರೊಳಗೆ ಮುಗಿಯುತ್ತದೆ, ಅದಕ್ಕಾಗಿ ಮಧ್ಯಾಹ್ನವಿಡೀ ಜಾಗ ಹಿಡಿದು ನಿಂತವರಿಗೆ ಯಾವ ಬಣ್ಣವಾದರೇನು. ಈತನನ್ನು ಸಹಿಸಿಕೊಳ್ಳಬಲ್ಲ ರೂಪದರ್ಶಿ ನಮ್ಮ ನಾಡಿನಲ್ಲಿ ಬೇಲೂರಿನ ದರ್ಪಣಸುಂದರಿ ಒಬ್ಬಳೇ. ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ರೆಪ್ಪೆ ಮಿಟುಕಿಸದೆ ನಿಂತಿದ್ದಾಳೆ. ಅವಳ ಮೇಲೂ ದೂರು ಉಂಟು, ಮುಖದ ಮೇಲೆ ನೆರಳು ಬರುತ್ತದಂತೆ.

ಸ್ನೇಹಿತರ ಬಳಗದಲ್ಲಿ ಮಾತ್ರ ಯಾರೂ ಯಾರನ್ನೂ ಕಾಯಿಸಲಾರರು, ಎಲ್ಲರೂ ಅದೇ ಕಸುಬಿನವರು. ಬೆಂಗಳೂರಿನವರಾದರೆ ಭಾನುವಾರ ಬೆಳಗಾಗುವ ಮುನ್ನ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಒಂದು ಹಕ್ಕಿ, ಅದರತ್ತ ನೆಟ್ಟ ಹತ್ತಾರು ಫಿರಂಗಿಗಳು. ಎಲ್ಲರಿಗೂ ಒಂದೇ ಹಕ್ಕಿ, ಒಂದೇ ಕೋನ, ಹೆಚ್ಚುಕಡಿಮೆ ಒಂದೇ ಚಿತ್ರ. ಚರ್ಚೆ ಹಕ್ಕಿಯ ಬಗ್ಗೆ ಅಲ್ಲ, ಲೆನ್ಸಿನ ಬಗ್ಗೆ. ಹೊಸ ಲೆನ್ಸನ್ನು ಮನೆಗೆ ‘ಸೆಕೆಂಡ್ ಹ್ಯಾಂಡ್’ ಎಂದು ಒಯ್ಯುವ ವಿದ್ಯೆ ಇಲ್ಲಿ ಗುರುಶಿಷ್ಯ ಪರಂಪರೆಯಲ್ಲಿ ಹರಿದುಬರುತ್ತದೆ. ಸ್ಪರ್ಧೆಗಳಿಗೆ ಚಿತ್ರ ಕಳಿಸುವವರು ಇನ್ನೊಂದು ಮೆಟ್ಟಿಲು ಮೇಲೆ. ಅವರಿಗೆ ಕರಾವಳಿಯ ಕಂಬಳದಲ್ಲಿ ಕೋಣ ಗೆದ್ದಿತೋ ಸೋತಿತೋ ಮುಖ್ಯವಲ್ಲ, ಕೆಸರು ಎಷ್ಟೆತ್ತರ ಚಿಮ್ಮಿತು ಎಂಬುದು ಮುಖ್ಯ. ಯಕ್ಷಗಾನಕ್ಕೆ ಹೋದರೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಕನ್ನಡಿಗೆ ಅಡ್ಡ ನಿಲ್ಲುತ್ತಾರೆ, ಭಾಗವತರು ಪದ ಎತ್ತುವ ಹೊತ್ತಿಗೆ ಮನೆಗೆ ಹೊರಟಿರುತ್ತಾರೆ. ಹಾದಿಯಲ್ಲಿ ಸುಕ್ಕು ಮುಖದ ಮುದುಕಿ ಕಂಡರೆ ಬ್ರೇಕು. ಚಿತ್ರಕ್ಕೆ ‘ಬದುಕಿನ ಹೋರಾಟ’ ಎಂಬ ಹೆಸರು. ಆಕೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಳು, ಹೋರಾಟ ಶುರುವಾದದ್ದು ಈತ ‘ಅಜ್ಜಿ, ನಗಬೇಡಿ’ ಎಂದ ಮೇಲೆ.

ಇಷ್ಟಾದ ಮೇಲೆ ಬಲವಾದ ಆಕ್ಷೇಪವೊಂದು ಬಂದೇ ಬರುತ್ತದೆ, ಬರಬೇಕಾದ್ದೇ. ನಮ್ಮ ನಾಡಿನ ಒಳ್ಳೆಯ ಛಾಯಾಗ್ರಹಣದ ಬಹುಪಾಲು ಹವ್ಯಾಸಿಗಳದ್ದೇ ಅಲ್ಲವೆ? ಸಂಡೂರಿನ ಎಂ. ವೈ. ಘೋರ್ಪಡೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನಲ್ಲಿ ಕ್ಯಾಮೆರಾ ಹಿಡಿದರೆ ಬಜೆಟ್ಟು ಮರೆಯುವಂಥ ಚಿತ್ರ ತೆಗೆದವರು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು ದೇಶದಾಚೆಗೂ ಹೆಸರು ಮಾಡಿದವು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದು ಕನ್ನಡಿಗರಿಗೆಲ್ಲ ಗೊತ್ತು. ಇವರ ಸಾಧನೆ ನಿಂತಿದ್ದೇ ಕಾಯುವುದರ ಮೇಲೆ. ಒಪ್ಪಿದೆ, ಮತ್ತು ಈ ಆಕ್ಷೇಪವೇ ನನ್ನ ಪಕ್ಷದ ಸಾಕ್ಷಿ. ಅವರು ಕಾದರು. ಹಕ್ಕಿ ಕಾಯಿಸಿತು, ಇವರು ಕಾದರು. ಹಕ್ಕಿಗೆ ‘ಕತ್ತು ಸ್ವಲ್ಪ ಎಡಕ್ಕೆ’ ಎನ್ನುವ ಅವಕಾಶವೇ ಇರಲಿಲ್ಲ. ನಾನು ಹೇಳುತ್ತಿರುವ ಆಸಾಮಿ ತಾನು ಕಾಯುವುದಿಲ್ಲ, ಕಾಯುವ ಕೆಲಸವನ್ನು ನೆಂಟರಿಷ್ಟರಿಗೆ ಹಂಚಿಕೊಡುತ್ತಾನೆ. ಈತನನ್ನು ಕಬಿನಿಯ ಜೀಪಿನಲ್ಲಿ ಕೂರಿಸಿ ನೋಡಿ, ಅರ್ಧ ಗಂಟೆಗೆ ಡ್ರೈವರನ್ನು ‘ಬೇರೆ ಕಡೆ ಹೋಗೋಣ’ ಎಂದು ಪೀಡಿಸಲು ತೊಡಗುತ್ತಾನೆ.

ಮೊಬೈಲು ಬಂದ ಮೇಲೆ ಎಲ್ಲರೂ ಛಾಯಾಗ್ರಾಹಕರೇ, ಈತನೊಬ್ಬನನ್ನೇ ಏಕೆ ಆಡಿಕೊಳ್ಳುವುದು ಎಂಬ ಇನ್ನೊಂದು ಮಾತಿದೆ. ಇದಕ್ಕೆ ಹೆಚ್ಚು ಹೊತ್ತು ಬೇಡ. ಮೊಬೈಲಿನವಳು ಕೈ ಚಾಚುತ್ತಾಳೆ, ಒತ್ತುತ್ತಾಳೆ, ಅಲ್ಲೇ ವಾಟ್ಸ್ಯಾಪಿಗೆ ಹಾಕುತ್ತಾಳೆ. ಊಟದ ಫೋಟೊ ಊಟ ಮುಗಿಯುವುದರೊಳಗೆ ಅಮೆರಿಕದ ಮಗನಿಗೆ ತಲುಪಿರುತ್ತದೆ. ಅದರ ಬೆಳಕು ಕೆಟ್ಟದಿದ್ದೀತು, ಆದರೆ ಅದು ಬಂದಿದೆ.

ಉಳಿದದ್ದು ನಿಜಕ್ಕೂ ಭಾರವಾದ ಆಕ್ಷೇಪ. ಈತ ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಗೋಡೆಗೆ ಹಾಕಲು ಅಜ್ಜಿಯ ಒಂದು ಒಳ್ಳೆಯ ಫೋಟೊ ಇರುತ್ತಿರಲಿಲ್ಲ. ಜೀವಮಾನವಿಡೀ ‘ನನ್ನದೇನು ತೆಗೀತೀಯೋ, ಹೋಗೋ’ ಎಂದು ಸೆರಗು ಮುಖಕ್ಕೆ ಹಿಡಿದವರ ಚಿತ್ರ ಬೇಕಾದಾಗ ಇಡೀ ಬಳಗ ಫೋನು ಮಾಡುವುದು ಈತನಿಗೇ. ಆ ರಾತ್ರಿ ಈತ ಹಾರ್ಡ್‌ಡಿಸ್ಕ್ ತೆರೆದು, ‘ಫೈನಲ್’, ‘ಫೈನಲ್ ಹೊಸದು’, ‘ಆಮೇಲೆ ನೋಡು’ ಎಂಬ ಹೆಸರಿನ ಫೋಲ್ಡರುಗಳನ್ನು ಜಾಲಾಡಿ, ಒಂದನ್ನು ಹುಡುಕಿ ಕೊಡುತ್ತಾನೆ. ಈ ಉಪಕಾರವನ್ನು ಅಲ್ಲಗಳೆದರೆ ನಾಲಗೆ ಸೇದೀತು. ಆದರೆ ಸಿಕ್ಕ ಚಿತ್ರ ಯಾವುದೆಂದು ಸ್ವಲ್ಪ ನೋಡಬೇಕು. ಸೀರೆ ಸರಿಮಾಡಿಸಿ, ಗಲ್ಲ ಎತ್ತಿಸಿ, ಕಿಟಕಿಯ ಪಕ್ಕ ಮುಕ್ಕಾಲು ಗಂಟೆ ಕೂರಿಸಿ ತೆಗೆದ ಚಿತ್ರಗಳಲ್ಲಿ ಅಜ್ಜಿ ಠಾಣೆಗೆ ಹೇಳಿಕೆ ಕೊಡಲು ಬಂದವರಂತೆ ಕೂತಿದ್ದಾರೆ. ಎಲ್ಲರೂ ಒಮ್ಮತದಿಂದ ಒಪ್ಪುವುದು ಅದಕ್ಕೆ ಮುಂಚೆ, ಬೆಳಕು ನೋಡಲೆಂದು ಸುಮ್ಮನೆ ಒತ್ತಿದ ಒಂದನ್ನು. ಅದರಲ್ಲಿ ಅಜ್ಜಿ ಅಡಿಕೆ ಕತ್ತರಿಸುತ್ತ ಯಾರನ್ನೋ ಬೈಯುತ್ತಿದ್ದಾರೆ. ಕಾಯಿಸದೆ ತೆಗೆದದ್ದು ಅದೊಂದೇ. ಅಳಿಸಲು ಮರೆತದ್ದರಿಂದ ಉಳಿದಿತ್ತು.

ಇಷ್ಟೆಲ್ಲ ಸಂಪತ್ತಿನಲ್ಲಿ ಆತನ ಫೋಟೊ ಒಂದೂ ಇಲ್ಲ ಎಂಬುದಕ್ಕೆ ಕೆಲವರು ಮರುಗುತ್ತಾರೆ. ಮರುಗಬೇಕಾದ್ದು ಆತನ ಬಗ್ಗೆ ಅಲ್ಲ. ವರ್ಷಕ್ಕೊಮ್ಮೆ, ಯಾವುದಾದರೂ ಘಾಟಿಯ ತಿರುವಿನಲ್ಲಿ, ಹೆಂಡತಿ ಮಕ್ಕಳ ಒತ್ತಾಯಕ್ಕೆ ಮಣಿದು ಆತ ಕ್ಯಾಮೆರಾವನ್ನು ಅಪರಿಚಿತ ದಾರಿಹೋಕನೊಬ್ಬನ ಕೈಗೆ ಕೊಡುತ್ತಾನೆ. ಟೀ ಕುಡಿಯಲು ಬಸ್ಸಿನಿಂದಿಳಿದ ಆ ಪುಣ್ಯಾತ್ಮ ಒಪ್ಪಿಕೊಂಡದ್ದು ಒಂದು ಗುಂಡಿ ಒತ್ತುವುದಕ್ಕೆ. ಆತನಿಗೆ ಮೊದಲು ಪಟ್ಟಿಯನ್ನು ಕೊರಳಿಗೆ ಹಾಕಿಸಲಾಗುತ್ತದೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಚಿತ್ರ, ಚೌಕ ಕಣ್ಣಿನ ಮೇಲಿರಬೇಕು, ಕಣ್ಣೆಂದರೆ ಹತ್ತಿರದ ಕಣ್ಣು, ತಲೆಯ ಹಿಂದೆ ದೀಪದ ಕಂಬ ಮೊಳೆಯಬಾರದು ಎಂದು ಪಾಠವಾಗುತ್ತದೆ. ಒಂದು ತೆಗೆದದ್ದಾಯಿತು. ಹವ್ಯಾಸಿ ಓಡಿಬಂದು ಪರದೆ ನೋಡಿ, ‘ಚೆನ್ನಾಗಿದೆ ಸಾರ್, ಆದ್ರೆ ಇನ್ನೊಂದೇ ಒಂದು’ ಎನ್ನುತ್ತಾನೆ. ಅಷ್ಟರಲ್ಲಿ ಕಂಡಕ್ಟರ್ ಎರಡು ಸಲ ಸೀಟಿ ಊದಿದ್ದಾನೆ, ದಾರಿಹೋಕ ಕೊರಳ ಪಟ್ಟಿ ಬಿಡಿಸಿಕೊಳ್ಳಲು ಹೆಣಗುತ್ತಿದ್ದಾನೆ.