ಶಿಬಿರಪ್ಪ

ಅರಳಗುಪ್ಪೆಯ ಕಲ್ಲೇಶ್ವರನ ಗುಡಿಗೆ ಬಂದವರು ಕತ್ತೆತ್ತಿ ಚಾವಣಿ ನೋಡುತ್ತಾರೆ. ನಡುವೆ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಶಿಬಿರಪ್ಪನ ಮನೆಗೆ ಬಂದವರು ನೋಡಬೇಕಾದದ್ದು ನಡುಮನೆಯ ಗೋಡೆ. ಅಲ್ಲೂ ಅದೇ ಜೋಡಣೆ: ನಡುವೆ ತೆಂಗಿನಮರ ಹತ್ತುವ ತರಬೇತಿಯ ಸರ್ಟಿಫಿಕೇಟು, ಸುತ್ತ ಜೇನು, ಅಣಬೆ, ಎರೆಹುಳು, ಹೈನು, ನೀರಾ, ಮಳೆಕೊಯ್ಲು, ನಾಯಕತ್ವ, ಒತ್ತಡ ನಿರ್ವಹಣೆ. ಎಲ್ಲಕ್ಕೂ ಗಾಜು, ಕಟ್ಟು. ಒತ್ತಡದ್ದಕ್ಕೆ ಯಾಕೆ ಹೋಗಿದ್ರಿ ಎಂದು ಕೇಳಿದರೆ, "ಒತ್ತಡ ಏನೂ ಇರ್ಲಿಲ್ಲ ಕಣಣ್ಣ, ಹೋಳಿಗೆ ಊಟ ಇತ್ತು" ಎನ್ನುತ್ತಾನೆ.

ಹೆಸರು ಊರವರು ಇಟ್ಟದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕುಗಳಲ್ಲಿ ಊರಿಗೊಬ್ಬನಾದರೂ ಇಂಥವನಿದ್ದಾನೆ. ಹೆಗಲಲ್ಲಿ ಒಂದು ಶಿಬಿರದ ಬ್ಯಾಗು, ಜೇಬಿನಲ್ಲಿ ಇನ್ನೊಂದು ಶಿಬಿರದ ಪೆನ್ನು, ಕೈಯಲ್ಲಿ ಮೊದಲ ಪುಟವಷ್ಟೇ ತುಂಬಿದ ನೋಟ್‌ಬುಕ್ಕು. ಆ ಪುಟದಲ್ಲಿ ಉದ್ಘಾಟಕರ ಹೆಸರಿರುತ್ತದೆ. ಯಾವುದೋ ಸಂಘದಲ್ಲಿ ನಿರ್ದೇಶಕನಾಗಿರುವುದರಿಂದ ಎಲ್ಲಿಂದ ಸುತ್ತೋಲೆ ಬಂದರೂ ಕಳಿಸಲು ಇವನೇ ಸಿಗುತ್ತಾನೆ. ಕೆಲಸ ಮಾಡುವವರನ್ನು ಕಳಿಸಿದರೆ ಕೆಲಸ ನಿಲ್ಲುತ್ತದಲ್ಲ!

ಮರ ಹತ್ತುವ ತರಬೇತಿಗೆ ತಕ್ಕ ಕಾರಣವಿತ್ತು. ಅಪ್ಪಂದಿರು ಮರ ಹತ್ತುತ್ತಿದ್ದರು, ಮಕ್ಕಳು ಬೆಂಗಳೂರು ಬಸ್ಸು ಹತ್ತಿದರು. ಕಾಯಿ ಕೀಳಲು ಆಳಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಸ್ನೇಹಿತರು' ಎಂಬ ಕಾರ್ಯಕ್ರಮ ತಂದಿತು. ಆರು ದಿನ ತರಬೇತಿ, ತಂಡಕ್ಕೆ ಇಪ್ಪತ್ತು ಜನ, ಕಲಿತವರಿಗೆ ಹತ್ತುವ ಯಂತ್ರ ಪುಕ್ಕಟೆ. ಮರದ ಬುಡಕ್ಕೇ ಕರೆದೊಯ್ದು ಹತ್ತಿಸಿ ಕಲಿಸುವ ತರಬೇತಿ. ಅದರಲ್ಲಿ ಐಬು ಹುಡುಕಲಾರೆ. ಆದರೆ ಶಿಬಿರಪ್ಪ ಅದಕ್ಕಿಂತ ಗಟ್ಟಿ. ಫೋಟೋಗೆ ಎಷ್ಟು ಬೇಕೋ ಅಷ್ಟು ಹತ್ತಿ ಇಳಿದ. ಆರನೆಯ ದಿನ ಯಂತ್ರ ಮನೆಗೆ ಬಂತು, ಅಟ್ಟ ಸೇರಿತು. ಮನೆಯಲ್ಲಿ ಅದಕ್ಕಿಂತ ಮೇಲೆ ಹೋಗಲು ಜಾಗವಿರಲಿಲ್ಲ.

ಅವನಿಗೆ ನಿಜಕ್ಕೂ ಇಷ್ಟವಾಗುವುದು ಎಸಿ ಹಾಲಿನ ತರಬೇತಿ. ಸಂಪನ್ಮೂಲ ವ್ಯಕ್ತಿಗಳು ಕೋಟು ಹಾಕಿಕೊಂಡು ಬಂದು, ಮೊದಲು ಎಲ್ಲರ ಕೈಗೂ ಬಲೂನು ಕೊಟ್ಟು ಊದಿಸುತ್ತಾರೆ. ಆಮೇಲೆ ಪರದೆಯ ಮೇಲೆ ಒಂದು ತ್ರಿಕೋನ ಮೂಡುತ್ತದೆ: ಓದಿದ್ದರಲ್ಲಿ ಶೇ. 10 ನೆನಪಿರುತ್ತೆ, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90. ಎಡ್ಗರ್ ಡೇಲ್ ಎಂಬ ಅಮೆರಿಕದ ಮೇಷ್ಟ್ರು 1946ರಲ್ಲಿ ಇಂಥದೊಂದು ಶಂಕು ಬರೆದದ್ದು ಹೌದು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಶೇಕಡಾವಾರು ಎಲ್ಲ ಆಮೇಲೆ ಯಾರೋ ಮೆತ್ತಿದ್ದು. ಹೋಗಲಿ, ಅದೇ ನಿಜವೆಂದುಕೊಂಡರೂ, ಕೋಟಿನವರು ಅದನ್ನು ಎರಡು ಗಂಟೆ ಓದಿ ಹೇಳಿದ್ದರಿಂದ ಅವರ ಲೆಕ್ಕದಲ್ಲೇ ಹಾಲಿನವರಿಗೆ ದಕ್ಕಬೇಕಾದದ್ದು ಇಪ್ಪತ್ತು. ಶಿಬಿರಪ್ಪನಿಗೆ ಅಷ್ಟೂ ಇಲ್ಲ, ಬಲೂನು ಮಾತ್ರ ಮಗನಿಗೆಂದು ಜೇಬಿನಲ್ಲಿತ್ತು.

ಸಂಜೆ ಅಭಿಪ್ರಾಯದ ಫಾರಂ ಬರುತ್ತದೆ. ಶಿಬಿರಪ್ಪ ಅದನ್ನು ಬೆಳಗಿನ ಟೀ ಹೊತ್ತಿಗೇ ಇಸಕೊಂಡು ಎಲ್ಲ ಸಾಲಿಗೂ 'ಅತ್ಯುತ್ತಮ' ಎಂದು ಗೀಟು ಹಾಕಿಟ್ಟಿರುತ್ತಾನೆ. ವರದಿಯಲ್ಲಿ ತರಬೇತಿ ಯಶಸ್ವಿ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬಾತ 1959ರಲ್ಲೇ ಹೇಳಿದ್ದ: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಲಾಭವಾಯಿತೇ, ನಾಲ್ಕನ್ನೂ ನೋಡಬೇಕೆಂದು. ನಮ್ಮಲ್ಲಿ ಮೊದಲನೆಯದು ಮುಗಿಯುವ ಹೊತ್ತಿಗೆ ಬಸ್ಸು ಬಂದಿರುತ್ತದೆ.

ಹಿಡಿಸಿದ್ದೆಲ್ಲ ಕಲಿತದ್ದಲ್ಲ ಎನ್ನುವುದಕ್ಕೆ ಇಂಗ್ಲೆಂಡಿನ ಅಂಚೆಯವರ ಸಾಕ್ಷಿ ಇದೆ. ಅಲ್ಲಿನ ನೌಕರರಿಗೆ ಕೀಲಿಮಣೆ ಕಲಿಸಿದ ಬಗೆಯನ್ನು ಬ್ಯಾಡ್ಲಿ, ಲಾಂಗ್‌ಮನ್ ಎಂಬಿಬ್ಬರು 1978ರಲ್ಲಿ ಬರೆದರು. ಕೆಲವರಿಗೆ ದಿನಕ್ಕೆ ಒಂದೇ ಗಂಟೆ ಪಾಠ, ಕೆಲವರಿಗೆ ನಾಲ್ಕು ಗಂಟೆ. ದಿನಕ್ಕೊಂದು ಗಂಟೆಯವರು ಕಡಿಮೆ ತಾಸಿನಲ್ಲಿ ಹೆಚ್ಚು ಕಲಿತರು. ಆದರೆ ಫಾರಂ ಕೊಟ್ಟಾಗ ಎಲ್ಲರಿಗಿಂತ ಹೆಚ್ಚು ಗೊಣಗಿದವರೂ ಅವರೇ! ಪಕ್ಕದ ತಂಡ ಮುಂದೆ ಹೋಗ್ತಿದೆ, ನಮ್ಮದು ಎಳೀತಾ ಇದೆ ಎಂದು. ಶಿಬಿರಪ್ಪನ ಗೀಟನ್ನು ನಂಬಿ ತರಬೇತಿ ರೂಪಿಸಿದರೆ ಮುಂದಿನ ವರ್ಷ ಎರಡು ಹೋಳಿಗೆ ಇರುತ್ತದೆ, ಅಷ್ಟೆ.

ಇತ್ತ ಅವನ ಮನೆಯ ಅಟ್ಟದಲ್ಲೇ ಒಂದು ತರಬೇತಿ ನಡೆಯುತ್ತಿತ್ತು; ಸುತ್ತೋಲೆ ಬಾರದ್ದರಿಂದ ಅವನಿಗೆ ತಿಳಿಯಲಿಲ್ಲ. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದಲ್ಲಿ ಹತ್ತಿರ ಹತ್ತಿರ ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಲಗಲ ಎನ್ನಬೇಕು. ಶಿಬಿರಪ್ಪನ ತಾಯಿ ಸೊಸೆಗೆ ಒಂದು ಕಾಯಿ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸಲು ಹೇಳುತ್ತಿದ್ದಳು.

"ಆಗೈತಾ, ಇಲ್ವಾ?"

"ಆಗೈತೆ ಕಣತ್ತೆ."

"ಒಡ್ದು ನೋಡು."

ಮಚ್ಚಿನ ಹಿಂಬದಿಯಿಂದ ಹದವಾಗಿ ಬಡಿದು ಚಿಪ್ಪು ಬಿಡಿಸಿದರೆ ಉತ್ತರ ಅಲ್ಲೇ ಕಾಣುತ್ತಿತ್ತು. ಒಂದು ಕಡೆ ಇನ್ನೂ ಅಂಟಿಕೊಂಡಿದ್ದರೆ ಅತ್ತೆ ಬೈಯುತ್ತಿರಲಿಲ್ಲ, ಇನ್ನೊಂದು ಕಾಯಿ ಕೊಡುತ್ತಿದ್ದಳು. ದಿನಕ್ಕೆ ಹತ್ತಿಪ್ಪತ್ತು ಕಾಯಿ, ಎರಡು ದಿನ ಬಿಟ್ಟು ಮತ್ತೆ. ಮೊದಲು ಹೇಳಿ ಆಮೇಲೆ ಕೇಳುವವಳಲ್ಲ, ಮೊದಲೇ ಕೇಳುವವಳು. ಅಮೆರಿಕದ ರೋಡಿಗರ್, ಕಾರ್ಪಿಕ್ ಜೋಡಿ 2006ರಲ್ಲಿ ತೋರಿಸಿದ್ದೂ ಹೆಚ್ಚುಕಮ್ಮಿ ಇದನ್ನೇ: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಮಟ್ಟಿಗೆ ಮುಂದು, ನೆನಪಿನಿಂದ ಹೆಕ್ಕಿ ಬರೆದವರು ವಾರ ಕಳೆದ ಮೇಲೆ ಮುಂದು. ಅಜ್ಜಿಗೆ ಸರ್ಟಿಫಿಕೇಟು ಇಲ್ಲ. ಒಡಕಿಲ್ಲದ ಉಂಡೆಗೆ ತಿಪಟೂರಿನ ಹರಾಜಿನಲ್ಲಿ ಸಿಗುವ ರೇಟು ಇದೆ.

ಸೊಸೆ ಅಟ್ಟದಲ್ಲಿ ಕಂಡದ್ದು ಕಾಯಿಯೊಂದೇ ಅಲ್ಲ. ಮೂಲೆಯಲ್ಲಿದ್ದ ಯಂತ್ರವನ್ನೂ ಕಂಡಳು. ಪಕ್ಕದ ತೋಟದ ಹುಡುಗನನ್ನು ಕರೆದು ತೋರಿಸಿದಳು. ಎಡಗಾಲಿಗೊಂದು, ಬಲಗಾಲಿಗೊಂದು ಮೆಟ್ಟು, ಮರವನ್ನು ತಬ್ಬುವ ತಂತಿ ಹಗ್ಗ. ಹುಡುಗ ಎರಡು ದಿನ ಬುಡದಲ್ಲೇ ಹತ್ತಿ ಇಳಿದ. ಮೂರನೆಯ ದಿನ ಅರ್ಧ ಮರ. ಮೇಲೆ ಹೋದಂತೆ ಕಾಂಡ ಸಣ್ಣಗಾಗಿ ಹಗ್ಗ ಸಡಿಲವಾಗುವುದನ್ನು ಕಾಲೇ ಅವನಿಗೆ ಹೇಳಿತು.

ಒಂದಿನ, ಹಿಂದೆ ತರಬೇತಿ ಪಡೆದವರು ಏನು ಮಾಡುತ್ತಿದ್ದಾರೆಂದು ನೋಡಿ ಬರೆದುಕೊಳ್ಳಲು ಒಬ್ಬರು ಬಂದರು. ಶಿಬಿರಪ್ಪ ಮನೆಯಲ್ಲಿರಲಿಲ್ಲ.

"ಯಜಮಾನ್ರು ಎಲ್ಲಮ್ಮ?"

"ತರಬೇತಿ ಕೊಡೋರಿಗೆ ತರಬೇತಿಯಂತೆ ಸಾ, ಅದಕ್ಕೆ ಹೋಗವ್ರೆ. ಮೂರು ದಿನ."

"ಯಂತ್ರ ಐತಾ, ಮಾರ್ಬಿಟ್ರಾ?"

"ತೋಟದಾಗೈತೆ. ಬಾಡಿಗೆಗೆ ಬಿಟ್ಟಿದೀನಿ. ದಿನಕ್ಕೆ ಹತ್ತು ಕಾಯಿ."

ಬಂದವರು ಒಂದು ಗಳಿಗೆ ಗೋಡೆಯ ದಿಕ್ಪಾಲಕರನ್ನು ನೋಡಿದರು. ಫಾರಂ ತೆಗೆದು 'ಯಂತ್ರ ಬಳಕೆಯಲ್ಲಿದೆ' ಎಂಬ ಸಾಲಿಗೆ ಗೀಟು ಎಳೆದು, ಫಲಾನುಭವಿಯ ಸಹಿ ಎಂದಿದ್ದಲ್ಲಿ ಅವಳ ಹೆಬ್ಬೆರಳು ಕೇಳಿದರು. ಅವಳು ಪೆನ್ನು ಇಸಕೊಂಡು ಸಹಿ ಮಾಡಿ, ಬಾಡಿಗೆ ರಸೀದಿ ಬುಕ್ಕು ಎಲ್ಲಿ ಸಿಗುತ್ತದೆಂದು ವಿಚಾರಿಸಿದಳು.