ಮಂಜಿನ ತೂಕ

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಬೆಚ್ಚಗಿರುವ ಜಾಗ ಎರಡೋ ಮೂರೋ. ಬಚ್ಚಲೊಲೆಯ ಬುಡ, ಬೆಕ್ಕು ಮಲಗೆದ್ದ ಕಂಬಳಿ, ಈಚೆಗೆ ಬೆಂಗಳೂರಿನ ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪು. ಅದರಲ್ಲಿ ನಾಲ್ಕು ದೊಡ್ಡ ಫೋಟೋ ತೆರೆದರಂತೂ ಹಪ್ಪಳ ಒಣಗಿಸಬಹುದು.

ಈ ಕಾಯಿಲೆಗೆ ನಮ್ಮ ನೆಂಟರಲ್ಲಿ ಊರಿಗೊಂದು ಕಾರಣ. ಸಾಗರದ ಭಾವ ವೈರಸ್ಸು ಅಂದರು. ಹೊಸನಗರದ ಮಾವನ ಪ್ರಕಾರ ವೋಲ್ಟೇಜು. ಅವರಿಗೆ ಸೊಸೆಯ ತಲೆನೋವಿಗೂ ಅದೇ ಕಾರಣ. ತೀರ್ಥಹಳ್ಳಿಯ ಚಿಕ್ಕಮ್ಮ ಮಾತ್ರ, "ಥಂಡಿಗೆ ಜ್ವರ ಬಂದಿರ್ಬೇಕು, ಎರಡು ದಿನ ಮುಟ್ಬೇಡಿ" ಅಂದರು. ಮೂವರಲ್ಲಿ ಸತ್ಯಕ್ಕೆ ಹತ್ತಿರವಿದ್ದವರು ಅವರೇ. ಮುಟ್ಟದಿದ್ದರೆ ಅದು ನಿಜಕ್ಕೂ ತಣ್ಣಗಿರುತ್ತಿತ್ತು.

ಭಾವನ ಮಗ ಮನೆಮಂದಿಯೆಲ್ಲ ನೋಡಲೆಂದು ಒಂದು ಫೋಟೋ ಪುಟ ಮಾಡಿದ್ದ. ಇಕ್ಕೇರಿಯ ಅಘೋರೇಶ್ವರ, ನಗರದ ಕೋಟೆ, ಕುಪ್ಪಳಿಯ ಕವಿಶೈಲ, ಜೋಗ, ಎಲ್ಲವೂ 108 ಮೆಗಾಪಿಕ್ಸೆಲ್ ಮೊಬೈಲಿನವು. ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋ ಮಸುಕಾಗುತ್ತದೆಂದು ನಮ್ಮವರಿಗೆಲ್ಲ ಸಿಟ್ಟು. ಅದು ಕಿರಿದು ಮಾಡಿ ಕಳಿಸುವುದಕ್ಕೇ ನಮ್ಮ ಯಂತ್ರಗಳು ಬದುಕಿರುವುದು ಎಂದರೆ ಕೇಳುವವರಾರು?

ಜೆಪೆಗ್ ಫೋಟೋ ಅಂದರೆ ಅಟ್ಟದ ಮೇಲೆ ಸುತ್ತಿಟ್ಟ ಜಮಖಾನ. ಮೂಲೆಯ ಒಂದು ಹೂವು ನೋಡುವುದಕ್ಕೂ ಬ್ರೌಸರು ಸಾಮಾನ್ಯವಾಗಿ ಅದನ್ನು ಪೂರ್ತಿ ಹಾಸುತ್ತದೆ. ಅಡ್ಡಕ್ಕೆ 12,000, ಉದ್ದಕ್ಕೆ 9,000, ಒಟ್ಟು 10.8 ಕೋಟಿ ಚುಕ್ಕೆ. ಚುಕ್ಕೆಗೆ 4 ಬೈಟಿನಂತೆ 43.2 ಕೋಟಿ ಬೈಟು. ಲ್ಯಾಪ್‌ಟಾಪಿನ ಪರದೆಯೋ 1366 × 768, ಹತ್ತೂವರೆ ಲಕ್ಷ ಚುಕ್ಕೆಯೂ ಇಲ್ಲ. ನೂರು ಚುಕ್ಕೆ ಬಿಚ್ಚಿ, ಅರೆದು, ಒಂದು ಮಾಡಿ ತೋರಿಸುವ ಪಾಡು ಅದರದ್ದು. ಇಂಥ ಹತ್ತು ಫೋಟೋ ಒಂದೇ ಪುಟದಲ್ಲಿದ್ದರೆ 4 ಜಿಬಿ ಮೆಮೊರಿ ಎಲ್ಲಿ ಸಾಕು? ಬ್ರೌಸರು ಹಾಸಿದ್ದನ್ನು ಎತ್ತುತ್ತದೆ, ನಾವು ಮೇಲೆ ಸರಿಸಿದರೆ ಮತ್ತೆ ಹಾಸುತ್ತದೆ. ಪ್ರೊಸೆಸರು ಬಿಸಿಯಾಗದೆ ಇನ್ನೇನು.

ನನಗೆ ತೀರಾ ಮಜಾ ಅನ್ನಿಸಿದ್ದು ಜೋಗದ ಒಂದು ಫೋಟೋ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ನಾಪತ್ತೆ. ಮಂಜು, ಬರೀ ಮಂಜು. ಫೈಲು ಉಳಿದವುಗಳ ಮುಂದೆ ಪುಟಾಣಿ. ಬಿಳಿಯ ಪಕ್ಕ ಬಿಳಿಯೇ ಇದ್ದರೆ ಜೆಪೆಗ್‌ಗೆ ಬರೆದಿಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಬಿಚ್ಚಿದ ಮೇಲೆ ಮಾತ್ರ ಇಕ್ಕೇರಿಯ ಕಲ್ಲಿಗೂ ಜೋಗದ ಮಂಜಿಗೂ ಒಂದೇ ತೂಕ, 43.2 ಕೋಟಿ ಬೈಟು. 253 ಮೀಟರ್ ಜಲಪಾತ ಕಣ್ಣಿಗೆ ಬೀಳದಿದ್ದರೂ ಅದರ ಭಾರ ತಪ್ಪಲಿಲ್ಲ.

ಕ್ರೋಮಿನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದರೆ ಯಾವ ಪುಟ ಎಷ್ಟು ಪ್ರೊಸೆಸರು ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ಪುಟ ಸರಿಸುವಾಗ ಏರಿ, ಕೈಬಿಟ್ಟಾಗ ಇಳಿದರೆ ಫೋಟೋದ ಗಾತ್ರದ ಮೇಲೆ ಅನುಮಾನ ಪಡಬಹುದು. ಕೈಬಿಟ್ಟರೂ ಇಳಿಯದಿದ್ದರೆ ಎಲ್ಲೋ ಜಿಫ್ ಒಂದು ಕುಣಿಯುತ್ತಿರಬೇಕು. ಇಲ್ಲಿ ಅದೂ ಇತ್ತು, ಅತ್ತಿಗೆಯ ಆಸೆಗೆ ಹಾಕಿದ ಮಿಣಮಿಣ ದೀಪ. ಜೊತೆಗೆ ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಆಗಿತ್ತು. ಗ್ರಾಫಿಕ್ಸ್ ಚಿಪ್ಪಿನ ಹಿಗ್ಗಿಸುವ, ಕುಗ್ಗಿಸುವ ಕೆಲಸವೂ ಪ್ರೊಸೆಸರಿನ ತಲೆಗೇ ಬಿದ್ದಿತ್ತು. ಆನ್ ಮಾಡಿ ಬ್ರೌಸರು ಮುಚ್ಚಿ ತೆರೆದ ಮೇಲೆ ಫ್ಯಾನಿನ ಬೊಬ್ಬೆ ತಗ್ಗಿತು. ಬಿಚ್ಚುವ ದುಡಿಮೆ ಹಾಗೇ ಉಳಿಯಿತು.

"ಪುಟದಲ್ಲಿ ಚಿಕ್ಕದಾಗೇ ತೋರ್ಸಿದೀನಲ್ಲ ಮಾವ" ಎಂದ ಹುಡುಗ. ತೋರಿಸಿದ್ದು ಚಿಕ್ಕದು, ಒಳಗೆ ತಂದದ್ದು ಇಡೀದು. ಫೋಟೋವನ್ನೇ 1366 ಅಗಲಕ್ಕೆ ಇಳಿಸು ಅಂದೆ. ಭಾವನಿಗೆ ಸರಿಬರಲಿಲ್ಲ. "ಅಷ್ಟು ದುಡ್ಡು ಕೊಟ್ಟು ಮೊಬೈಲು ತಗಂಡು ಫೋಟೋ ಸಣ್ಣ ಮಾಡೂದಾ?"

ಕೊನೆಗೆ ರಾಜಿಯಾಯಿತು. ಪುಟದಲ್ಲಿ ಸಣ್ಣ ಪ್ರತಿ, ಒತ್ತಿದರೆ ಮಾತ್ರ ದೊಡ್ಡದು. ಪುಟ ಚಕ್ಕನೆ ತೆರೆದುಕೊಂಡಿತು. ಭಾವ ಮೊದಲನೆಯದನ್ನು ಒತ್ತಿದರು, ಎರಡನೆಯದನ್ನೂ ಒತ್ತಿದರು. ಮಂಜಿನದ್ದನ್ನೂ ಬಿಡದೆ, ರಾಣಿ ಎಲ್ಲಾದರೂ ಕಂಡಾಳೇನೋ ಎಂದು ಹಿಗ್ಗಿಸಿ ಹಿಗ್ಗಿಸಿ ನೋಡತೊಡಗಿದರು.